ಬುಧವಾರದ ಬೆಂಚು

ಆಸ್ಪತ್ರೆಯ ಸೂಕ್ಷ್ಮದರ್ಶಕದ ಪರದೆಯ ಮೇಲೆ ಶಿವಲೀಲಾಳ ರಕ್ತದ ಒಂದೇ ಒಂದು ಜೀವಕೋಶ ಕಾಣುತ್ತಿತ್ತು. ಅದರ ಅಂಚಿನಲ್ಲಿ ಮೊಳೆತ ಎಚ್‌ಐವಿ ವೈರಸ್‌ಗಳು ಹೊರಗೆ ಹೋಗಲು ಹವಣಿಸಿ, ಹೋಗಲಾರದೆ ಅಲ್ಲೇ ತೂಗುತ್ತಿದ್ದವು.

“ಮೂವತ್ತು ವರ್ಷ ನನ್ನ ಜೀವ ತಿಂದದ್ದು ಇದ ಏನ್ರಿ?”

“ಇದ ರೀ, ಅಕ್ಕಾರ,” ಎಂದರು ಮದ್ದು ಕಂಡುಹಿಡಿದ ವಿಜ್ಞಾನಿ ಪ್ರಮೋದಿನಿ. “ಇದಕ್ಕ ಸ್ವಂತ ಕತ್ತರಿ ಇಲ್ಲ. ನಮ್ಮ ಜೀವಕೋಶದ ಪ್ರೋಟೀನನ್ನ ಕತ್ತರಿ ಮಾಡ್ಕೊಂಡು ಹೊರಗ ಬರ್ತದ. ಹೊರಬರೋದನ್ನ ಕಟ್ಟಿಹಾಕೋ ಪ್ರೋಟೀನೂ ನಮ್ಮೊಳಗ ಅದ. ಅದನ್ನ ಇದು ಕಿತ್ತು ಹಾಕ್ತಿತ್ತು. ನಮ್ಮ ಚುಚ್ಚುಮದ್ದು ಕೀಳಾಕ ಬರದಂಥ ಹಗ್ಗ ಕೊಟ್ಟದ. ಕಟ್ಟಿಬಿದ್ದದ್ದನ್ನ ಜೀವಕೋಶ ನುಂಗಿಬಿಡ್ತದ. ಇನ್ನ ಗುಳಿಗಿ ಬ್ಯಾಡ, ನೀವು ಇಲ್ಲಿ ಬರೋದೂ ಬ್ಯಾಡ.”

ಹಿಗ್ಗಬೇಕಾದ ಮಾತು. ಶಿವಲೀಲಾ ಮಾತ್ರ ಬಾಗಿಲಾಚೆಯ ಬೆಂಚಿನತ್ತ ನೋಡಿದಳು. ಗುಳಿಗೆ ಕೊಡುವ ಕಿಟಕಿಯ ಮುಂದಿನ ಆ ಬೆಂಚೇ ಅಲ್ಲವೆ ಅವಳ ತವರು? ಗಂಡ ಸತ್ತ ವರ್ಷ ಮನೆಯವರು ಅವಳ ತಟ್ಟೆ ಬೇರೆ ಇಟ್ಟಿದ್ದರು. ಈ ಬೆಂಚಿನ ಮೇಲೆ, ತಿಂಗಳ ಮೊದಲ ಬುಧವಾರ, ಅವಳಂತೆಯೇ ಗುಳಿಗೆಗೆ ಬರುತ್ತಿದ್ದ ಕಾಶೀಬಾಯಿ ತನ್ನ ಡಬ್ಬಿ ಮುಂದೆ ತಳ್ಳುತ್ತಿದ್ದಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ರೊಟ್ಟಿ ಮುರಿದು ತಿಂದು, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಬೆಂಚಿನವರದು ಒಂದೇ ಕಟ್ಟಳೆ: ಗೇಟು ದಾಟಿದರೆ ಯಾರಿಗೆ ಯಾರೂ ಗುರುತಿಲ್ಲ. ಎಲ್ಲಿಯ ಪರಿಚಯ ಎಂದು ಮಂದಿ ಕೇಳಿದರೆ ಏನು ಹೇಳುವುದು? ಹಾಗಾಗಿ ಊರು, ಫೋನು ಯಾವುದನ್ನೂ ಕೇಳುವಂತಿರಲಿಲ್ಲ.

ಎಲ್ಲರಿಗೂ ಚುಚ್ಚುಮದ್ದು ಸಿಕ್ಕಿ, ಆರು ತಿಂಗಳಲ್ಲಿ ಬೆಂಚು ಬರಿದಾಯಿತು. ಶಿವಲೀಲಾ ಸುಮ್ಮನೆ ನಾಲ್ಕು ಬುಧವಾರ ಹೋಗಿ ಕುಳಿತು ಬಂದಳು. ಕಾಶೀಬಾಯಿ ಬರಲಿಲ್ಲ.

ಕಡೆಗೆ ಜಮಖಂಡಿ ಬಸ್ ನಿಲ್ದಾಣದಲ್ಲಿ ಕಂಡಳು, ಸೊಸೆಯ ಜೊತೆ. ಶಿವಲೀಲಾ ನಗುತ್ತ ಹತ್ತಿರ ಹೋದಳು. ಕಾಶೀಬಾಯಿಯ ಮುಖ ಒಂದು ಗಳಿಗೆ ಅರಳಿ ಬಾಡಿತು.

“ಯಾರ್ರೀ ಅತ್ತಿ, ಅವರು?” ಎಂದಳು ಸೊಸೆ.

“ಯಾರೋ ಏನೋವಾ. ನನಗ ಗುರ್ತಿಲ್ಲ.”

ಆಕೆ ಕಟ್ಟಳೆ ಮೀರಲಿಲ್ಲ, ಅಷ್ಟೆ. ಶಿವಲೀಲಾಳೂ ಬಸ್ಸಿನ ಬೋರ್ಡು ಓದುವವಳಂತೆ ಆಚೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿ ಒಂದಕ್ಷರವೂ ಕಾಣಲಿಲ್ಲ.

ಮರುದಿನ ಅವಳು ಪ್ರಮೋದಿನಿಯ ಮುಂದೆ ನಿಂತಿದ್ದಳು.

“ಒಂದ ಮಾತು ಕೇಳ್ತೀನ್ರಿ. ಒಂದ ತಾಟಿನ್ಯಾಗ ಉಂಡ್ರ, ಬಾಜೂಕ ಕುಂತು ಮಾತಾಡಿದ್ರ, ಈ ರೋಗ ಹತ್ತತಿತ್ತೇನ್ರಿ, ನಿಮ್ಮ ಮದ್ದು ಬರೋಕ್ಕಿಂತ ಮೊದಲ?”

“ಇಲ್ಲ ರೀ. ಎಂದೂ ಹತ್ತತಿರಲಿಲ್ಲ.”

“ನನ್ನ ತಾಟು ಬ್ಯಾರೆ ಇಟ್ಟದ್ದು ಮೂವತ್ತು ವರ್ಷದ ಹಿಂದ, ಎರಡು ಸಾವಿರದ ಇಪ್ಪತ್ತಾರರಾಗ. ಅವಾಗ ಇದು ಮಂದಿಗೆ ಗೊತ್ತಿತ್ತೇನ್ರಿ?”

“ಗೊತ್ತಿತ್ತು,” ಎಂದರು ಪ್ರಮೋದಿನಿ, ತಲೆ ತಗ್ಗಿಸಿ.

“ಹಂಗಾರ ಕಾಶೀಬಾಯಿ ನನ್ನ ಮಾತಾಡಸಾಕ ನಿಮ್ಮ ಸೂಜಿ ಬೇಕಾಗೇ ಇದ್ದಿಲ್ಲಲ್ರಿ, ಮಂದಿ ತಾಟು ಬ್ಯಾರೆ ಇಡದಿದ್ರ ಸಾಕಿತ್ತು,” ಎಂದು ಶಿವಲೀಲಾ ಹೊರಗೆ ಹೋಗಿ, ಖಾಲಿ ಬೆಂಚಿನ ಮೇಲೆ ಒಬ್ಬಳೇ ಡಬ್ಬಿ ಬಿಚ್ಚಿದಳು.