ಕುರ್ಚಿ ಬಿಡದೆ ಹದಿನೈದು ಬೆಟ್ಟ

"ನಮ್ಮಪ್ಪ ದಿನಾ ಹದಿನೈದು ಸಲ ಬೆಟ್ಟ ಹತ್ತಿ ಇಳೀತಾರೆ. ಅದೂ ಕುರ್ಚಿಯಿಂದ ಏಳದೇನೇ" ಎಂದಳು ರೀಲು.

ಇಡೀ ಕ್ಲಾಸು ನಕ್ಕಿತು. ಆ ನಗುವಿಗೆ ಶಾಲೆಯ ಚಾವಣಿ ಎರಡು ಗೇಣು ಮೇಲೆದ್ದು ಮತ್ತೆ ಬಂದು ಕೂತಿತು. ಮೂಲೆಯಲ್ಲಿದ್ದ ಜೇಡ ಮನೆ ಖಾಲಿ ಮಾಡಿಕೊಂಡು ಪಕ್ಕದ ಕ್ಲಾಸಿಗೆ ಹೊರಟುಹೋಯಿತು.

ರೀಲು ಎಂಬುದು ಅವಳ ನಿಜವಾದ ಹೆಸರಲ್ಲ. ಸಿಕ್ಕಾಪಟ್ಟೆ ರೀಲು ಬಿಡುತ್ತಾಳೆಂದು ಪಕ್ಕದಲ್ಲಿ ಕೂರುವ ಪೆನ್ಸಿಲ್ ಇಟ್ಟ ಹೆಸರು. ಪೆನ್ಸಿಲ್ ಎಂಬುದೂ ಹೆಸರಲ್ಲ. ಜೋರಾಗಿ ಗಾಳಿ ಬಂದರೆ ಅವನು ಕಂಬ ಹಿಡಿದು ನಿಲ್ಲಬೇಕು, ಅಷ್ಟು ಸಣಕಲ.

"ಲೇ ರೀಲು, ನಿಮ್ಮಪ್ಪ ವೀಲ್‌ಚೇರಲ್ಲಿ ಇರೋದು. ಬೆಟ್ಟಕ್ಕೆ ಹೇಗೆ ಹೋಗ್ತಾರೆ?" ಎಂದು ಪೆನ್ಸಿಲ್ ಕೇಳಿದ.

"ಬೆಟ್ಟಾನೇ ಅವರ ಹತ್ರ ಬರುತ್ತೆ. ಮಾಸ್ಕಲ್ಲಿ."

"ಹೌದಾ? ನಮ್ಮನೆಗೆ ಸಮುದ್ರ ಬರುತ್ತೆ. ನಲ್ಲೀಲಿ."

ಮತ್ತೆ ನಗು. ರೀಲುವಿಗೆ ಮೂಗಿನ ತುದಿಗೇ ಸಿಟ್ಟು ಬಂತು.

"ನೋಡ್ತಿರು. ಶನಿವಾರ ಪೇರೆಂಟ್ಸ್ ಮೀಟಿಂಗಿಗೆ ನಮ್ಮಪ್ಪ ಗೇಟಿಂದ ಈ ಬಾಗಿಲ ತನಕ ನಡ್ಕೊಂಡೇ ಬರ್ತಾರೆ. ನಲವತ್ತು ಹೆಜ್ಜೆ. ನಾನು ಎಣಿಸಿದ್ದೀನಿ."

ಮಾತು ಬಾಯಿಂದ ಜಾರಿಬಿಟ್ಟಿತು. ಇನ್ನು ನುಂಗುವ ಹಾಗಿಲ್ಲ. ಅವತ್ತು ಆಗಲೇ ಗುರುವಾರ.

ಬೆಟ್ಟದ ವಿಷಯ ಪೂರ್ತಿ ಸುಳ್ಳೂ ಅಲ್ಲ. ಅವಳ ಅಪ್ಪ ಲಿಫ್ಟ್ ಮೆಕ್ಯಾನಿಕ್. ಅಂಥ ಮೆಕ್ಯಾನಿಕ್ ಮೂರು ಲೋಕ ಹುಡುಕಿದರೂ ಸಿಗುವುದಿಲ್ಲ. ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಕೆಟ್ಟು ನಿಂತ ಲಿಫ್ಟುಗಳು ಹೆದರಿ ತಾವಾಗಿಯೇ ರಿಪೇರಿಯಾಗುತ್ತಿದ್ದವು. ನೋಡಲೂ ಬಹಳ ಚೆನ್ನಾಗಿದ್ದಾರೆ. ಹೋದ ವರ್ಷ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ, 'ನಡಿ' ಎಂದು ತಲೆ ಕಳಿಸುವ ಸುದ್ದಿ ಕಾಲಿಗೆ ಅರ್ಧಂಬರ್ಧ ತಲುಪುತ್ತದೆ.

ಈಗ ಅವರು ದಿನಾ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಥೆರಪಿಸ್ಟ್ ಅಕ್ಕ ಅವರ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಸಿಕ್ಕಿಸಿ, ಮುಖಕ್ಕೆ ಮಾಸ್ಕ್ ಹಾಕಿ, ಮೆಷಿನ್ ಆನ್ ಮಾಡುತ್ತಾರೆ. ಒಂದೂವರೆ ನಿಮಿಷ ಆಕ್ಸಿಜನ್ ಕಡಿಮೆ ಇರುವ ಗಾಳಿ, ಎತ್ತರದ ಬೆಟ್ಟದ ತುದಿಯಲ್ಲಿ ಇರುತ್ತದಲ್ಲ, ಹಾಗೆ. ಆಮೇಲೆ ಒಂದು ನಿಮಿಷ ಮಾಮೂಲಿ ಗಾಳಿ. ಹೀಗೆ ಹದಿನೈದು ಸಲ.

"ಮೈಗೆ ಸ್ವಲ್ಪ ಗಾಬರಿ ಆಗುತ್ತೆ ಪುಟ್ಟಿ" ಎಂದು ಅಕ್ಕ ಒಂದು ದಿನ ರೀಲುವಿಗೆ ಹೇಳಿದ್ದರು. "ಆ ಗಾಬರೀಲಿ, ಮಲಗಿರೋ ನರಗಳು ಒಂಚೂರು ಕಣ್ಣು ಬಿಡಬಹುದು. ತಕ್ಷಣ ನಡಿಗೆ ಅಭ್ಯಾಸ ಮಾಡಿಸಿದ್ರೆ, ಕಾಲು ಮಾತು ಕೇಳಬಹುದು. ಇನ್ನೂ ಪರೀಕ್ಷೆ ಮಾಡ್ತಿರೋ ಚಿಕಿತ್ಸೆ ಇದು. ಎಲ್ಲರಿಗೂ ಒಂದೇ ಥರ ಅಲ್ಲ."

ಅಕ್ಕ ಎರಡು ಸಲ 'ಬಹುದು' ಅಂದಿದ್ದರು. ರೀಲುವಿನ ಕಿವಿಗೆ ಒಂದೂ ಬೀಳಲಿಲ್ಲ.

ದಿನಾ ಸಂಜೆ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. "ಇವತ್ತೆಷ್ಟು ಹೆಜ್ಜೆ ಅಪ್ಪಾ?"

ಸೋಮವಾರ ಅಪ್ಪ ಇಪ್ಪತ್ತು ಅಂದರು. ಮಂಗಳವಾರ ಇಪ್ಪತ್ತೈದು. ಬುಧವಾರ ಮೂವತ್ತು. ದಿನಕ್ಕೆ ಐದು ಹೆಚ್ಚಾದರೆ ಶನಿವಾರಕ್ಕೆ ನಲವತ್ತೈದು. ಐದು ಹೆಜ್ಜೆ ಮಿಕ್ಕೇ ಮಿಗುತ್ತದೆ. ಆ ಲೆಕ್ಕದ ಧೈರ್ಯದ ಮೇಲೆಯೇ ಅವಳು ಕ್ಲಾಸಿನಲ್ಲಿ ಹಾಗೆ ಹೇಳಿದ್ದು.

ಆದರೆ ಗುರುವಾರ ಸಂಜೆ ಅಪ್ಪ, "ಇವತ್ತೂ ಮೂವತ್ತೇ ಮಗಳೇ. ಸುಸ್ತು" ಅಂದುಬಿಟ್ಟರು.

ಹೇಗಾದರೂ ಹೆಜ್ಜೆ ಹೆಚ್ಚಿಸಬೇಕು. ರೀಲು ಯೋಚಿಸಿದಳು. ಸ್ವಲ್ಪ ಹೊತ್ತು ಗಾಳಿ ಕಡಿಮೆಯಾದರೆ ಮೂವತ್ತು. ಸಂಜೆಯಿಡೀ ಕಡಿಮೆಯಾದರೆ?

ಕಿಟಕಿ ಮುಚ್ಚಿದಳು. ಬಾಗಿಲ ಸಂದಿಗೆ ಟವೆಲ್ ತುರುಕಿದಳು. ಫ್ಯಾನ್ ಆಫ್ ಮಾಡಿದಳು.

"ಏನೇ ಇದು?" ಎಂದರು ಅಪ್ಪ.

"ಆಕ್ಸಿಜನ್ ಕಡಿಮೆ ಮಾಡ್ತಿದೀನಿ. ಓವರ್‌ಟೈಮ್."

ಅರ್ಧ ಗಂಟೆಯಲ್ಲಿ ಗೋಡೆ ಗಡಿಯಾರವೂ ಬೆವರು ಒರೆಸಿಕೊಂಡಿತು. ಅಷ್ಟರಲ್ಲಿ ಬಸ್ ಡ್ಯೂಟಿ ಮುಗಿಸಿದ ಅಮ್ಮ, ಡ್ರೈವರ್ ಯೂನಿಫಾರ್ಮಿನಲ್ಲೇ ಬಾಗಿಲು ತಳ್ಳಿಕೊಂಡು ಒಳಬಂದರು.

"ಇದೇನು ಮನೇನೋ ಕುಕ್ಕರೋ?" ಎನ್ನುತ್ತ ಎಲ್ಲ ಕಿಟಕಿ ತೆಗೆದರು. ಕಾರಣ ಕೇಳಿ ತಲೆ ಚಚ್ಚಿಕೊಂಡರು. "ಅಲ್ಲಿ ಮೆಷಿನ್ ಅಳತೆ ಮಾಡಿ ಗಾಳಿ ಕೊಡುತ್ತೆ ಕಣೇ. ಓದಿಕೊಂಡವರು ಪಕ್ಕದಲ್ಲೇ ಕೂತು ಕಾಯ್ತಾರೆ. ಕಿಟಕಿ ಮುಚ್ಚಿದ್ರೆ ಬೆವರು ಬರುತ್ತೆ, ಹೆಜ್ಜೆ ಬರಲ್ಲ. ಇನ್ನೊಂದ್ಸಲ ಹೀಗೆಲ್ಲ ಮಾಡ್ಬೇಡ."

"ಮತ್ತೆ ಶನಿವಾರ ನಲವತ್ತು ಹೇಗೆ ಆಗುತ್ತೆ?" ಎಂದಳು ರೀಲು. ಕ್ಲಾಸಿನಲ್ಲಿ ಹೇಳಿದ್ದನ್ನೆಲ್ಲ ಹೇಳಿದಳು.

ಅಮ್ಮ ಅಪ್ಪನ ಕಡೆ ತಿರುಗಿದರು. "ಇವಳಿಗೆ ಎಷ್ಟು ಅಂತ ಹೇಳಿದ್ರಿ?"

ಅಪ್ಪ ಚಾವಣಿ ನೋಡಿದರು. "ಮೂವತ್ತು."

"ನಿಜವಾಗ್ಲೂ?"

"ಇಟ್ಟಿದ್ದು ಎರಡು" ಎಂದರು ಅಪ್ಪ, ಮೆಲ್ಲಗೆ. "ಇಡ್ಬೇಕು ಅಂದ್ಕೊಂಡಿದ್ದು ಇಪ್ಪತ್ತೆಂಟು."

"ನೂಲಿನಂತೆ ಸೀರೆ, ಅಪ್ಪನಂತೆ ಮಗಳು" ಎಂದರು ಅಮ್ಮ. ಯಾರೂ ನಗಲಿಲ್ಲ.

"ನೀನು ಬಾಗಿಲಲ್ಲಿ ನಿಂತು ಕೇಳ್ತಿದ್ದೆ. ಎರಡು ಅನ್ನೋಕೆ ಬಾಯೇ ಬರ್ಲಿಲ್ಲ ಮಗಳೇ."

ರೀಲು ನೆಲದ ಮೇಲಿದ್ದ ಟವೆಲ್ ಎತ್ತಿ ಮಡಚಿದಳು. ಆಮೇಲೆ ಕೇಳಿದಳು, "ಎರಡಕ್ಕೆ ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ. ಬಕೆಟ್ ತುಂಬ ಬೆವರು ಸುರಿಯುತ್ತೆ."

"ಬಕೆಟ್ಟಾ?"

"ಸರಿ, ಬನಿಯನ್ ಒದ್ದೆಯಾಗುತ್ತೆ."

ಶನಿವಾರ ಬಂತು. ಶಾಲೆಯ ಗೇಟಿನಲ್ಲಿ ಅಪ್ಪ ವೀಲ್‌ಚೇರನ್ನು ಒದ್ದು ಎದ್ದರು. ನಲವತ್ತಲ್ಲ, ನಾನೂರು ಹೆಜ್ಜೆ ಹಾಕಿದರು. ಮೈದಾನಕ್ಕೆ ಎರಡು ಸುತ್ತು ಓಡಿದರು. ಆ ಓಟದ ಗಾಳಿಗೆ ಪೆನ್ಸಿಲ್ ಹಾರಿ ತೆಂಗಿನ ಮರಕ್ಕೆ...

"ಅಪ್ಪಾ."

ಹೆಗಲ ಹಿಂದಿನಿಂದ ಒಂದು ಪುಟ್ಟ ಕೈ ಬಂದು ನನ್ನ ಪೆನ್ನಿನ ಮೇಲೆ ಕೂತಿತು.

"ಮತ್ತೆ ಶುರು ಮಾಡಿದ್ರಾ? ಆಗಿದ್ದನ್ನ ಬರೀರಿ."

ಸಿಕ್ಕಿಬಿದ್ದೆ. ಹೌದು, ಇಷ್ಟು ಹೊತ್ತು ಈ ಕತೆ ಹೇಳಿದವನು ನಾನೇ, ಆ ಅಪ್ಪ. ಯಾವ ಲಿಫ್ಟೂ ನನಗೆ ಹೆದರಿದ್ದಿಲ್ಲ. ಶನಿವಾರ ಆದದ್ದು ಇಷ್ಟು.

ಗೇಟಿನಿಂದ ಕ್ಲಾಸಿನ ಬಾಗಿಲ ತನಕ ಇವಳಮ್ಮ ನನ್ನನ್ನು ವೀಲ್‌ಚೇರಲ್ಲಿ ತಳ್ಳಿಕೊಂಡು ಬಂದಳು. ಅಲ್ಲಿ ವಾಕರ್ ಹಿಡಿದು ಎದ್ದೆ. ಬಲಗಾಲು ಹೋಯಿತು. ಎಡಗಾಲು ಯೋಚಿಸಿ ಯೋಚಿಸಿ ಹೋಯಿತು. ಬಲಗಾಲು ಇನ್ನೊಂದು ಸಲ ಹೋಯಿತು. ಅಷ್ಟೇ. ಇವಳಮ್ಮ ಹಿಂದಿನಿಂದ ಕುರ್ಚಿ ಸರಿಸಿದಳು, ಧೊಪ್ಪನೆ ಕೂತೆ. ಆ ಕೊನೇ ಹೆಜ್ಜೆ ಬಂದದ್ದು ಮಾಸ್ಕಿನಿಂದಲೋ, ಅಭ್ಯಾಸದಿಂದಲೋ, ಮಗಳ ಮುಂದೆ ಮಾನ ಹೋಗಬಾರದೆಂಬ ಹಟದಿಂದಲೋ, ನನಗೆ ಗೊತ್ತಿಲ್ಲ.

ಪೆನ್ಸಿಲ್ ಬಗ್ಗಿ ರೀಲುವನ್ನು ಕೇಳಿದ, "ಎಷ್ಟಾಯ್ತೇ?"

ಮೂವತ್ತಾದರೂ ಹೇಳುತ್ತಾಳೆ ಎಂದುಕೊಂಡೆ.

"ಮೂರು" ಎಂದಳು ನನ್ನ ಮಗಳು. "ನಿನ್ನೆ ತನಕ ಎರಡಿತ್ತು."