ಪಂಗಳಾಯ ಬರಿಯ ಹುಡುಗಿ

ಕಾಪುವಿನ ಕಡಲಬಂಧು ಸಂಘಕ್ಕೆ ಭೋಜ ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ. ಅಷ್ಟು ವರ್ಷದಲ್ಲಿ ಅವನು ಸಭೆಗೆ ಹಾಕಿಸಿದ ಕುರ್ಚಿಗಳನ್ನು ಸಾಲಾಗಿ ಇಟ್ಟರೆ ಲೈಟ್‌ಹೌಸಿನಿಂದ ಉಡುಪಿ ಬಸ್‌ಸ್ಟ್ಯಾಂಡ್ ಮುಟ್ಟಿ ಇನ್ನೂ ನಾಲ್ಕು ಮಿಗುತ್ತಿದ್ದವು. ಹಾರಗಳೆಲ್ಲ ಬಿದ್ದದ್ದು ಬೇರೆಯವರ ಕೊರಳಿಗೆ. ಒಮ್ಮೆ, ಒಂದೇ ಒಂದು ಸಲ, ಮಗ ತಿಲಕನಿಗೆ ಸಂಘದ ವಿದ್ಯಾರ್ಥಿವೇತನ ಕೇಳಿದ. ಅಧ್ಯಕ್ಷ ದೇಜಪ್ಪ ಮೈಕ್ ಆಫ್ ಮಾಡದೆಯೇ ಹೇಳಿಬಿಟ್ಟರು.

"ನಿನಗೆ ಎಂತಕ್ಕೆ ಮಾರಾಯ? ಬೋಟಿನಲ್ಲಿ ಪಾಲು ಉಂಟು, ಮಾಳಿಗೆ ಮನೆ ಉಂಟು. ಇನ್ನು ಮೂಗು ಒರೆಸಲಿಕ್ಕೆ ಕರ್ಚೀಫೂ ನಾವೇ ಕೊಡಬೇಕಾ?"

ಸಭೆ ನಕ್ಕಿತು. ಆ ನಗು ಭೋಜನ ಕಿವಿಯೊಳಗೆ ಮೂರು ಮಳೆಗಾಲ ಕೂತಿತು. ನಾಲ್ಕನೆಯ ಮಳೆಗಾಲಕ್ಕೆ ಅವನು ಒಬ್ಬ ಹುಡುಗಿಯನ್ನು ಹುಟ್ಟಿಸಲು ನಿರ್ಧರಿಸಿದ.

ಸಂಘದ ನಿಯಮಗಳು ಅವನಿಗೆ ಬಾಯಿಪಾಠ. ವರ್ಷಕ್ಕೆ ಮೂವರು ಮಕ್ಕಳಿಗೆ, ಓದು ಮುಗಿಯುವವರೆಗೆ ಸಹಾಯ. ತಂದೆತಾಯಿ ಇಲ್ಲದ ಮಗುವಾದರೆ ಹಣ ಕಾರ್ಯದರ್ಶಿಯ ಕೈಗೆ. ಅವನೇ ಕಾಲೇಜಿಗೆ ಕಟ್ಟಬೇಕು. ಆದ್ದರಿಂದ ಮಗು ಅನಾಥ ಆಗಲೇಬೇಕು. ಗಂಡೋ ಹೆಣ್ಣೋ ಎಂದು ಅವನು ಅರ್ಧ ಲೋಟ ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿದ. ಅನಾಥ ಹುಡುಗಿ ಎಂದು ವೇದಿಕೆಯಲ್ಲಿ ಓದಿದರೆ ಹೆಂಗಸರ ಸೆರಗು ಬೇಗ ಕಣ್ಣಿಗೆ ಹೋಗುತ್ತದೆ. ಹೆಣ್ಣು ಎಂದೇ ಬರೆದ. ಹೆಸರು ಶ್ರೇಯಾ. ಕಾರ್ಕಳದ ಒಂದು ಕಾಲೇಜು, ಅಲ್ಲೇ ಹಾಸ್ಟೆಲು. ಅಪ್ಪ ಅಮ್ಮ ಇಬ್ಬರೂ ಮುಂಬೈಯಲ್ಲಿ ತೀರಿಹೋದವರು. ಅಂಕಪಟ್ಟಿಯನ್ನು ದೂರದ ಒಂದು ಪ್ರೆಸ್ಸಿನಲ್ಲಿ ಮಾಡಿಸಿ, ಹಳೆಯದಾಗಿ ಕಾಣಲಿ ಎಂದು ಎರಡು ದಿನ ದಿಂಬಿನ ಅಡಿ ಇಟ್ಟು ಮಲಗಿದ.

ಅರ್ಜಿಯಲ್ಲಿ ಕಷ್ಟದ ಜಾಗ ಒಂದೇ: ಬರಿ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ. ದೊಡ್ಡ ಬರಿ ಯಾವುದನ್ನಾದರೂ ಬರೆದರೆ ಕೆಟ್ಟ ಹಾಗೆಯೇ, ಹತ್ತು ಹೆಂಗಸರು ಎದ್ದು, "ಓ, ನಮ್ಮದೇ ಬರಿ! ಯಾವ ಮನೆ? ಯಾರ ಮಗಳು?" ಎಂದು ಬೇರಿನವರೆಗೆ ಅಗೆಯುತ್ತಾರೆ. ಭೋಜ ಸದಸ್ಯರ ಪುಸ್ತಕವನ್ನು ಮೂರು ಸಂಜೆ ತಿರುವಿದ. ಕೊನೆಗೆ ಸಿಕ್ಕಿದ್ದು ಪಂಗಳಾಯ ಬರಿ. ಅದರಲ್ಲಿ ಉಳಿದದ್ದು ಒಂದೇ ಜೀವ, ರತ್ನಾವತಿ. ಎಪ್ಪತ್ತನಾಲ್ಕು ವರ್ಷ, ಮಕ್ಕಳಿಲ್ಲ, ಓದು ಬರುವುದಿಲ್ಲ, ಸಭೆಯ ಕಡೆ ತಲೆಹಾಕುವುದಿಲ್ಲ. ತನ್ನ ಬುದ್ಧಿಗೆ ತಾನೇ ಶಾಲು ಹೊದಿಸಬೇಕು ಎಂದು ಅವನಿಗೆ ಅನಿಸಿತು. ಅರ್ಜಿಯ ಕೆಳಗೆ ಚಂದದ ಅಕ್ಷರದಲ್ಲಿ ಬರೆದ: "ಹುಡುಗಿಯನ್ನು ಖುದ್ದಾಗಿ ಭೇಟಿಯಾಗಿ ವಿಚಾರಿಸಿದ್ದೇನೆ. ಅವಳ ಜವಾಬ್ದಾರಿ ನನ್ನದು." ಸಹಿ ಹಾಕಿದ.

ಈಗ ಆ ವರ್ಷದ ಪಟ್ಟಿಯಲ್ಲಿದ್ದ ಮೂವರಲ್ಲಿ ಒಬ್ಬರನ್ನು ಇಳಿಸಬೇಕಿತ್ತು. ಇಳಿಸಲು ಸುಲಭ ಮಾನಸ. ಅಪ್ಪ ಕಡಲಲ್ಲಿ ತೀರಿಹೋದವನು, ಅಮ್ಮ ಬುಟ್ಟಿ ಹೊತ್ತು ಮೀನು ಮಾರುವವಳು. ಹುಡುಗಿಗೆ ಮಣಿಪಾಲದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಭೋಜ ಅವಳ ಅರ್ಜಿಯಿಂದ ಆದಾಯ ಪ್ರಮಾಣಪತ್ರವನ್ನು ಮೆಲ್ಲಗೆ ಎಳೆದು ಬಚ್ಚಲೊಲೆಗೆ ಹಾಕಿ, ಆ ಬಿಸಿನೀರಿನಲ್ಲೇ ಸ್ನಾನ ಮಾಡಿದ. ಅರ್ಜಿಯ ಮೇಲೆ "ದಾಖಲೆ ಅಪೂರ್ಣ" ಎಂದು ಬರೆದ.

ಮಾನಸ ಆಫೀಸಿನ ಬಾಗಿಲಿಗೆ ಬಂದಳು. "ನಾನು ಕೊಟ್ಟಿದ್ದೆ ಭೋಜಣ್ಣ. ನೀವೇ ಪಿನ್ ಮಾಡಿದ್ದು."

"ನನಗೂ ಬೇಸರ ಉಂಟು ಮಗಾ. ಬರುವ ವರ್ಷ ನೋಡುವ, ಅಲ್ವಾ?" ಎಂದು ಅವಳ ಕೈಗೆ ಒಂದು ಪೆಪ್ಪರ್‌ಮಿಂಟ್ ಕೊಟ್ಟ.

ಬರುವ ವರ್ಷದವರೆಗೆ ಸೀಟು ಕಾಯಲಿಲ್ಲ. ಮಾನಸ ಮೀನು ಕತ್ತರಿಸುವ ಶೆಡ್ಡಿಗೆ ಸೇರಿದಳು. ಬಸ್ಸಿನಲ್ಲಿ ಅವಳ ಪಕ್ಕದವರು ಮೂಗು ಮುಚ್ಚಿಕೊಳ್ಳುವುದನ್ನು ಭೋಜ ಒಮ್ಮೆ ಕಂಡ. ಕಿಟಕಿಯಿಂದ ಹೊರಗೆ ನೋಡಿದ. ಸಮುದ್ರ ಚಂದ ಕಾಣುತ್ತಿತ್ತು.

ವಾಡಿಕೆಯಂತೆ ಆಮಂತ್ರಣ ಪತ್ರದಲ್ಲಿ ಮೂವರ ಹೆಸರು, ಬರಿ, ಕಾಲೇಜು ಅಚ್ಚಾದವು. ಪತ್ರ ಮನೆಮನೆಗೆ ಹೋಯಿತು.

ಭಾನುವಾರ ಸಭಾಭವನ ತುಂಬಿತ್ತು. ಇಬ್ಬರು ಮಕ್ಕಳು ಬಂದು ಲಕೋಟೆ ತೆಗೆದುಕೊಂಡು ಹೋದರು. ಮೂರನೆಯ ಹೆಸರು ಓದುವಾಗ ಭೋಜ ಗಂಟಲನ್ನು ಸ್ವಲ್ಪ ತೇವ ಮಾಡಿಕೊಂಡ. "ಪಾಪದ ಹುಡುಗಿ. ಪರೀಕ್ಷೆ ಉಂಟಂತೆ, ಬರಲಿಕ್ಕಾಗಲಿಲ್ಲ. ಅವಳ ಪರವಾಗಿ..." ಸೆರಗುಗಳು ಕಣ್ಣಿಗೆ ಹೋದವು. ಅವನು ಕೈ ಚಾಚಿದ. ಲಕೋಟೆಯ ತುದಿ ಬೆರಳಿಗೆ ತಾಗಿತು.

"ಭೋಜಾ!"

ಹಿಂದಿನ ಸಾಲಿನಿಂದ ರತ್ನಾವತಿ ನಡೆದು ಬರುತ್ತಿದ್ದಳು. ಒಂದು ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಚೆಂಡು, ನಿನ್ನೆಯದು, ಬಾಡಿತ್ತು. ಇನ್ನೊಂದು ಕೈಯನ್ನು ಮಾನಸ ಹಿಡಿದಿದ್ದಳು.

"ಈ ಮಗು ಆಸೆ ಬಿಡದೆ ತನ್ನ ಹೆಸರು ಉಂಟಾ ಅಂತ ನನ್ನ ಜಗಲಿಯಲ್ಲಿ ಕೂತು ಪತ್ರ ಓದಿತು. ಇದರ ಹೆಸರು ಇರಲಿಲ್ಲ. ನನ್ನ ಬರಿಯ ಹೆಸರು ಇತ್ತು!" ಮುದುಕಿ ವೇದಿಕೆಯ ಎದುರಿಗೇ ಬಂದು ನಿಂತಳು. "ನನ್ನ ಅಜ್ಜಿಯ ತಂಗಿ ಮುಂಬೈಗೆ ಹೋಗಿ ಹಿಂದೆ ಬರಲೇ ಇಲ್ಲ, ಅವಳ ಸಂತಾನವೇ ಇರಬೇಕು. ನಿನ್ನೆ ಕಾರ್ಕಳಕ್ಕೆ ಹೋದೆವು. ಹಾಸ್ಟೆಲಿನಲ್ಲಿ ಇಲ್ಲ. ಕಾಲೇಜಿನಲ್ಲಿ ಇಲ್ಲ. ನೀನು ಕಣ್ಣಾರೆ ಕಂಡಿದ್ದಿಯಂತಲ್ಲ, ದೇಜಪ್ಪ ಅರ್ಜಿ ತೋರಿಸಿದರು. ನನ್ನ ಹುಡುಗಿಯನ್ನು ಎಂತ ಮಾಡಿದಿ?"

ದೇಜಪ್ಪ ಭೋಜನ ಕಡೆ ನೋಡಲಿಲ್ಲ. ಬಾಗಿಲಲ್ಲಿ ಇಬ್ಬರು ಪೊಲೀಸರು ನಿಂತಿದ್ದರು. ಒಬ್ಬನ ಕೈಯಲ್ಲಿ ಹುಡುಗಿ ಕಾಣೆಯಾಗಿದ್ದಾಳೆಂದು ರತ್ನಾವತಿ ಕೊಟ್ಟ ದೂರು, ಅದಕ್ಕೆ ಪಿನ್ ಮಾಡಿದ ಅರ್ಜಿಯಲ್ಲಿ ಭೋಜನದೇ ಚಂದದ ಅಕ್ಷರ. "ಕೊನೆಗೆ ನೋಡಿದ್ದು ನೀವೇ ಅಲ್ವಾ? ಸ್ವಲ್ಪ ಸ್ಟೇಷನ್ನಿಗೆ ಬನ್ನಿ."

ಹುಡುಗಿ ಇದ್ದಳು ಎಂದರೆ ಎಲ್ಲಿ ಎಂದು ತೋರಿಸಬೇಕು. ಇರಲೇ ಇಲ್ಲ ಎಂದರೆ ಲಕೋಟೆ ಇನ್ನೂ ಬೆರಳಲ್ಲೇ ಉಂಟು. ರತ್ನಾವತಿ ಬಾಡಿದ ಮಲ್ಲಿಗೆಯನ್ನು ಎದೆಗೆ ಒತ್ತಿಕೊಂಡು, ಅವಳನ್ನು ಕೊಡು, ನನ್ನ ನಂತರ ಮನೆಯ ದೈವಕ್ಕೆ ದೀಪ ಇಡಲು ಹೆಣ್ಣಿಲ್ಲದೆ ನಲವತ್ತು ವರ್ಷ ಬೇಡಿಕೊಂಡಿದ್ದೇನೆ ಎಂದು ಅಳುತ್ತಿದ್ದಳು. ಪುಸ್ತಕವನ್ನು ಮೂರು ಸಂಜೆ ತಿರುವಿದವನಿಗೆ, ಅರ್ಧ ಲೋಟ ಚಹಾದ ಹೊತ್ತಿನಲ್ಲಿ ತಾನು ಮಾಡಿದ್ದು ಆಗ ಹೊಳೆಯಿತು. ಶ್ರೇಯಾಳ ಜಾಗದಲ್ಲಿ ಒಬ್ಬ ಹುಡುಗನನ್ನು ಹುಟ್ಟಿಸಿದ್ದರೆ ಮುದುಕಿ ಜಗಲಿಯಿಂದ ಎದ್ದೇ ಬರುತ್ತಿರಲಿಲ್ಲ. ಗಂಡಿನ ಮಕ್ಕಳಿಗೆ ಬರುವುದು ಅವನ ಹೆಂಡತಿಯ ಬರಿ. ಪಂಗಳಾಯ ಬರಿ ಮುಂದಕ್ಕೆ ಹೋಗಲು ಹೆಣ್ಣೇ ಬೇಕು.