ಬದುಕಿದ್ದವನಿಗೆ ನೆಟ್ಟ ಕಂಬ

"ಸತ್ತೋರಿಗೆ ಮಾತ್ರ ಕೆತ್ತೋದು ತಾಯಿ. ಬದುಕಿರೋರಿಗೆ ಕೆತ್ತಬಾರ್ದು," ಎಂದು ಊರ ಹಿರಿಯ, ಮುದುಕ ಕಟಾನ ಮತ್ತೊಮ್ಮೆ ಗೋಗರೆದ.

ಕೌಂಟಿ ಕಚೇರಿಯ ಅಂಗಳದಲ್ಲಿ ಆಳೆತ್ತರದ ಮರದ ಕಂಬ ನಿಂತಿತ್ತು. ಹಿರಿಯರು ಮಣ್ಣಾದ ಮೇಲೆ ಅವರ ಆತ್ಮ ಬಂದು ನೆಲೆಸಲೆಂದು ಕರಾವಳಿಯ ಗಿರಿಯಾಮ ಬುಡಕಟ್ಟಿನವರು ನೆಡುವ ಕಿಗಾಂಗೊ ಅದು. ಇದರಲ್ಲಿ ಕೆತ್ತಿದ್ದು ಮಾತ್ರ ಗವರ್ನರ್ ಮ್ವಾರಿಂಗನ ಮುಖ. ಕೆತ್ತಿಸಿದವಳು ಅವನ ಹೆಂಡತಿ ಮುಕಾಮಿ, ಬೆಟ್ಟದ ಸೀಮೆಯಿಂದ ಬಂದ ಸೊಸೆ.

"ಯಾರು ಸತ್ತೋರು, ಯಾರು ಬದುಕಿರೋರು ಅಂತ ಮರಕ್ಕೇನು ಗೊತ್ತು ಮಾವ?" ಅವಳು ನಕ್ಕಳು. "ಗವರ್ನರ್ ಹೆಂಡ್ತಿ ಹೇಳ್ದಂಗೆ ಕುಣೀತಾನೆ, ಅಜ್ಜಂದಿರನ್ನ ಮರೆತ ಅಂತ ಆ ಚೆಂಗೊ ಊರೂರಲ್ಲಿ ಸಾರ್ತಿದಾನಲ್ಲ, ಇವತ್ತು ಅವನ ಬಾಯಿಗೆ ಬೀಗ."

ಚೆಂಗೊ ಎದುರು ಪಕ್ಷದ ಅಭ್ಯರ್ಥಿ. ಗವರ್ನರ್ ಚುನಾವಣೆ ಹೊಸ್ತಿಲಿಗೆ ಬಂದಿತ್ತು. ಹೆಸರು ಕೆಟ್ಟರೆ ಕುರ್ಚಿಯೂ ಹೋದಂತೆ. ಗಂಡನ ಹೆಸರನ್ನು ತೊಳೆದು ಬೆಳಗಿಸುವ ಕೆಲಸವನ್ನು ಮುಕಾಮಿ ಪಾತ್ರೆ ಬೆಳಗಿದಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದಳು.

ಕ್ಯಾಮೆರಾಗಳ ಮುಂದೆ ಮ್ವಾರಿಂಗ ಕಂಬದ ಕೊರಳಿಗೆ ಕೆಂಪು ಬಟ್ಟೆ ಸುತ್ತಿದ. ಬುಡಕ್ಕೆ ತೆಂಗಿನ ಹೆಂಡ ಸುರಿದ. ಗುಟುಕ್ ಎಂದು ಏನೋ ನುಂಗಿದ ಸದ್ದು. ಹುಳಿತ ಹೆಂಡದ ಜೊತೆ ಆಗಷ್ಟೇ ತೋಡಿದ ಗೋರಿಯ ಹಸಿಮಣ್ಣಿನ ವಾಸನೆ ಮೂಗಿಗೆ ಅಡರಿತು. ಮುಕಾಮಿ ಕರವಸ್ತ್ರ ಒತ್ತಿಕೊಂಡಳು. ಕಟಾನ ಮುಖ ತಿರುಗಿಸಿದ.

ಅಂದು ಮಧ್ಯಾಹ್ನ ಸಾಹೇಬರು ಹತ್ತುವ ಮೊದಲೇ ಡ್ರೈವರ್ ಕಾರಿನ ಬಾಗಿಲು ಹಾಕಿದ. ಮನೆಯಲ್ಲಿ ಅಡುಗೆಯವಳು ಚಹಾ ತಂದಳು, ಮುಕಾಮಿಗೆ ಮಾತ್ರ. ಮರುದಿನದ ಪತ್ರಿಕೆಯ ಚಿತ್ರದಲ್ಲಿ ಕಂಬವಿತ್ತು, ಕೆಂಪು ಬಟ್ಟೆಯಿತ್ತು, ಮ್ವಾರಿಂಗ ಇರಲಿಲ್ಲ. ಅವನು ಗಂಟಲು ಹರಿಯುವಂತೆ ಕೂಗಿದರೂ ಆಳುಗಳು ತಲೆಯೆತ್ತಲಿಲ್ಲ. ಅವನು ಕಾಣುತ್ತಿದ್ದುದು ಮುಕಾಮಿಯೊಬ್ಬಳಿಗೇ. ಅವಳಿಗೂ ತುಸು ಮಸುಕಾಗಿ.

ಅವಳು ಕಟಾನನ ಕಾಲಿಗೆ ಬಿದ್ದಳು. "ಆ ಕಂಬ ಕಿತ್ತುಬಿಡ್ಲಾ ಮಾವ?"

"ಕಿತ್ರೆ ಇರೋ ಒಂದು ಜಾಗಾನೂ ಹೋಗುತ್ತೆ ಅವನಿಗೆ." ಮುದುಕ ಪಕ್ಕದಲ್ಲೇ ನಿಂತಿದ್ದ ಮ್ವಾರಿಂಗನ ಕಡೆ ನೋಡಲೇ ಇಲ್ಲ. "ಬದುಕಿದಾನೆ ಅಂತ ಊರೆದುರು ನೀನೇ ಹೇಳ್ಬೇಕು. ಹೇಳೋಕೆ ಆ ಕಂಬ ಬಿಟ್ರೆ."

ಭಾನುವಾರ ಸಂಜೆ, ಎರಡೂ ಪಕ್ಷದವರು ಸೇರಿದ್ದ ಮೈದಾನ. ಮುಕಾಮಿ ಗಂಡನ ಕೈ ಹಿಡಿದು ವೇದಿಕೆ ಹತ್ತಿದಳು. ಆ ಕೈ ಮಂಜಿನಂತೆ ಕೊರೆಯುತ್ತಿತ್ತು.

"ಕೈ ಬಿಡ್ಬೇಡ ಕಣೇ," ಎಂದ ಅವನು.

"ನನ್ನ ಗಂಡ ಮ್ವಾರಿಂಗ..." ಮೈಕು ಕೀರಿಟ್ಟಿತು. ನಾಲಿಗೆ ಮರಗಟ್ಟಿತು. ಬಾಯಿ ತುಂಬ ಹುಳಿ ಹೆಂಡ. ಹಸಿ ಮಣ್ಣು. ಬದುಕಿದ್ದಾರೆ. ಒಂದೇ ಮಾತು. ಹೇಳು. ಹೇಳೇ.

"...ನಮ್ಮನ್ನಗಲಿದರು," ಎಂದಿತು ಅವಳದೇ ಗಂಟಲು.

ಹೆಂಗಸರು ಗೋಳಿಟ್ಟರು. ಚೆಂಗೊ ಟೋಪಿ ತೆಗೆದು ಮೆಟ್ಟಿಲೇರಿ ಬಂದ. ಅವನ ಕಣ್ಣೂ ಒದ್ದೆ. "ಅಕ್ಕ, ನಮ್ ಜಗಳ ಏನಿದ್ರೂ ಅವನ ಜೊತೆ ಇತ್ತು. ಮಣ್ಣಾದೋನ ಮೇಲೆ ಹಗೆ ಯಾಕೆ? ಗವರ್ನರ್ ನೀವೇ ಆಗಿ. ನಿಮ್ಮೆದುರು ನಾನು ನಿಲ್ಲಲ್ಲ."

ಮೈದಾನಕ್ಕೆ ಮೈದಾನವೇ ಅವಳ ಹೆಸರು ಕೂಗಿತು. ಬೆಟ್ಟದವಳು ಎಂದು ಮೂಗು ಮುರಿದಿದ್ದವರೂ ಕೂಗಿದರು. ಅವಳ ಬಲಗಡೆ ಯಾರೋ ಅಳುತ್ತಿದ್ದಂತಿತ್ತು. ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಮುಕಾಮಿ ಕಣ್ಣೊರೆಸಿಕೊಂಡು, ಜನರತ್ತ ಎರಡೂ ಕೈ ಬೀಸಿದಳು.